ಹಾವು ಕೊಲ್ಲದ ಮಳೆಗಾಲ

ಕಳೆದ ವಾರ ಒಂದು ಕಟ್ಟಡದ ತಕರಾರಿಗೆ ಸ್ಥಳ ನೋಡಲೆಂದು ನಮ್ಮ ಹಿರಿಯ ವಕೀಲರ ಹಿಂದೆ ಫೈಲು ಹಿಡಿದುಕೊಂಡು ಪುಣೆಯಂಚಿನ ವಾಘೋಲಿಗೆ ಹೋಗಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಅರ್ಧ ಎದ್ದ ಕಟ್ಟಡದ ಬುಡದಲ್ಲಿ ಸೆಂಟ್ರಿಂಗ್ ಹಲಗೆಗಳನ್ನು ಒಟ್ಟಿದ್ದರು. ಕಾಂಕ್ರೀಟು ಅಂಟದಿರಲಿ ಎಂದು ಎಣ್ಣೆ ಬಳಿದ ಹಲಗೆ ಮಳೆಗೆ ನೆನೆದರೆ ಒಂದು ವಾಸನೆ ಬರುತ್ತದೆ. ಅರ್ಧ ಗ್ಯಾರೇಜು, ಅರ್ಧ ಕಾಡು. ಹಿರಿಯರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ನನಗೆ ಆ ವಾಸನೆ ಎಂದರೆ ಅಕ್ಕನ ಮಂಚ.

ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಅದಕ್ಕಿಂತ ದುರ್ಬಲ ಸಾಕ್ಷಿ ಇನ್ನೊಂದಿಲ್ಲ. ಅಡ್ಡ ಪ್ರಶ್ನೆ ಹಾಕಿದರೆ ಎರಡು ನಿಮಿಷದಲ್ಲಿ ತಡವರಿಸುತ್ತದೆ. ಆದರೂ ಆ ಒಂದು ಮಳೆಗಾಲವನ್ನು ಎಷ್ಟು ಸಲ ಕಟಕಟೆಗೆ ಏರಿಸಿದರೂ ಅದು ಹೇಳಿಕೆ ಬದಲಿಸಿಲ್ಲ.

ನಾವು ಸುರಪುರದ ಕಡೆಯವರು. ಅಪ್ಪ ಸೆಂಟ್ರಿಂಗ್ ಮಿಸ್ತ್ರಿ. ವಾಘೋಲಿಯಲ್ಲಿ ತಗಡಿನ ಮಾಡಿನ ಎರಡು ಕೋಣೆ ನಮ್ಮದು. ಅವ್ವ ಅಲ್ಲೇ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಕೆಲಸಗಾರರಿಗೆ ಮಾರುತ್ತಿದ್ದಳು. ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅಕ್ಕ ಸುವರ್ಣಾ ಐದು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಅದು ಅವಳಿಗೆ ಮೂರನೆಯ ಬಸುರು. ಮೊದಲೆರಡೂ ನಿಂತಿರಲಿಲ್ಲ. ಈ ಸಲ ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿದ ಡಾಕ್ಟರು, ಹೆರಿಗೆಯವರೆಗೂ ಮಲಗಿಯೇ ಇರಬೇಕು, ಮಂಚದ ಕಾಲ್ದೆಸೆ ತಲೆದೆಸೆಗಿಂತ ಎತ್ತರ ಇರಬೇಕು ಎಂದು ಹೇಳಿ ಕಳಿಸಿದ್ದರು. ಅಪ್ಪ ಕೆಲಸದ ಜಾಗದಿಂದ ಹಳೆಯ ಹಲಗೆಯ ತುಂಡುಗಳನ್ನು ತಂದು, ಮಟ್ಟದ ಕೊಳವೆ ಹಿಡಿದು, ಮಂಚದ ಎರಡು ಕಾಲಿನ ಕೆಳಗೆ ಜೋಡಿಸಿದರು. ತಗಡು ಸೋರಿದಾಗಲೆಲ್ಲ ಆ ಹಲಗೆ ನೆನೆದು ವಾಸನೆ ಏಳುತ್ತಿತ್ತು. ತಲೆ ಕೆಳಗೆ, ಕಾಲು ಮೇಲೆ ಮಾಡಿ ಅಕ್ಕ ತಗಡನ್ನು ನೋಡುತ್ತ ಮಲಗಿರುತ್ತಿದ್ದಳು.

ನಾನು ಡಿಗ್ರಿ ಮುಗಿಸಿ ಲಾ ಕಾಲೇಜಿನ ಸೀಟಿಗೆ ಕಾಯುತ್ತಿದ್ದೆ. ಪುಣೆಯ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಮರಾಠಿಯಲ್ಲಿ ಮಾತಾಡಿ ಸಾಕಷ್ಟು ಬಹುಮಾನದ ಢಾಲು ಮನೆಗೆ ತಂದಿದ್ದೆ. ಅವ್ವ ಅವನ್ನು ರೊಟ್ಟಿಯ ಬುಟ್ಟಿಗೆ ಮುಚ್ಚಳ ಮಾಡಿಕೊಂಡಿದ್ದಳು. ಯಾವ ವಿಷಯ ಕೊಟ್ಟರೂ ನಾನು ಆರಿಸಿಕೊಳ್ಳುತ್ತಿದ್ದುದು ವಿರೋಧದ ಪಕ್ಷ. ಪರವಾಗಿ ಮಾತಾಡುವುದೆಂದರೆ ಇಳಿಜಾರಿನಲ್ಲಿ ಸೈಕಲ್ ಹೊಡೆದಂತೆ, ಕಾಲಿಗೇನು ಕೆಲಸ? ಅಕ್ಕ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನನ್ನು ಆಗಲೇ ‘ವಕೀಲರೇ’ ಎಂದು ಕರೆಯುತ್ತಿದ್ದಳು. ಅವಳ ಹತ್ತಿರ ಕೂತಿರುವುದು ನನ್ನ ಪಾಲಿಗೆ ಬಂದ ಕೆಲಸ.

ಅವಳ ಗಂಡ ಶರಣಪ್ಪ ಮಾಮಾ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಗುರುವಾರ ಅವರಿಗೆ ಸೂಟಿ. ಪ್ರತಿ ಗುರುವಾರ ಬೆಳಿಗ್ಗೆ ನಗರ ರಸ್ತೆಯ ಬಸ್ಸು ಹಿಡಿದು ಬಂದು, ಮಂಚದಿಂದ ದೂರ, ಬಾಗಿಲ ಹತ್ತಿರವೇ ಕೂರುತ್ತಿದ್ದರು. ಮಾತು ಕಡಿಮೆ. ಒಂದು ಗುರುವಾರ ಅಂಗಿಯ ಜೇಬಿನಿಂದ ಅಂಗೈಗಿಂತ ಸ್ವಲ್ಪ ಉದ್ದನೆಯ ಒಂದು ಡಬ್ಬಿ ತೆಗೆದು ಅಕ್ಕನ ದಿಂಬಿನ ಪಕ್ಕ ಇಟ್ಟರು. ಅವರ ಕೋಣೆಯಲ್ಲಿದ್ದ ಬಿಹಾರದ ಹುಡುಗನೊಬ್ಬ ಊರಿಗೆ ವಾಪಸ್ಸಾಗುವಾಗ ಬಿಟ್ಟುಹೋದದ್ದಂತೆ. ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರ. ಮುಚ್ಚಳ ತೆರೆದರೆ ತೆರೆ, ಕೆಳಗೆ ಗುಂಡಿಗಳು. ಒಳಗೆ ಒಂದೇ ಒಂದು ಆಟವಿತ್ತು.

ಆಟಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರೊಂದಿತ್ತು. ಅಕ್ಕ ಅದನ್ನು ಹೊಳಿ ಆಟ ಎಂದಳು, ಅದೇ ನಿಂತಿತು. ಮಾಯಾಲೋಕದ ಕಥೆ. ಒಂದು ಕಣಿವೆ, ಅದರ ನಡುವೆ ಒಂದು ಹೊಳೆ, ನಾಲ್ಕು ಜನ ಪಯಣಿಗರು. ಅವರು ಊರೂರು ಸುತ್ತುತ್ತಾರೆ, ಜನರನ್ನು ಮಾತಾಡಿಸುತ್ತಾರೆ, ದಾರಿಯಲ್ಲಿ ಎದುರಾದ ಭೂತಪಿಶಾಚಿಗಳ ಜೊತೆ ಹೊಡೆದಾಡುತ್ತಾರೆ, ಹೊಡೆದಾಡಿದಷ್ಟೂ ಬಲಿಯುತ್ತಾರೆ. ಆಟ ಶುರುವಾಗುವಾಗಲೇ ನಾಲ್ವರಿಗೂ ಹೆಸರಿಡು ಎನ್ನುತ್ತದೆ. ಅಕ್ಕ ಒಂದೊಂದಾಗಿ ಹೇಳಿದಳು: ಮೊದಲು ನನ್ನ ಹೆಸರು ಗೀತಾ, ಆಮೇಲೆ ಅಪ್ಪ, ಅವ್ವ, ಶರಣಪ್ಪ. ಕೊನೆಯದಕ್ಕೆ ಜಾಗ ಸಾಲದೆ ಬರೀ ಶರಣ ಆಯಿತು. ನಿನ್ನ ಹೆಸರೆಲ್ಲಿ ಎಂದು ಕೇಳಿದೆ.

“ನಾ ಮಲಕೊಂಡೀನಲ್ಲ,” ಅಂದಳು. “ನೀವು ನಾಲ್ಕೂ ಮಂದಿ ಅಡ್ಡಾಡಿ ಬರ್ರಿ.”

ಅವಳು ಗುಂಡಿ ಒತ್ತುವವಳು, ನಾನು ಓದುವವಳು. ತೆರೆಯ ಮೇಲೆ ಬರುವ ಇಂಗ್ಲಿಷನ್ನು ನಮ್ಮ ಮನೆಯ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಹಾಗಾಗಿ ಆ ಕಣಿವೆಯ ರಾಜನೂ ಮಾಟಗಾತಿಯೂ ದೋಣಿಯವನೂ ಸುರಪುರದ ಬಸ್ ನಿಲ್ದಾಣದಲ್ಲಿ ನಿಂತವರಂತೆ ಮಾತಾಡಿದರು. “ಬರ್ರಿ, ಕೂಡ್ರಿ, ಹೊಳಿ ಬತ್ತಿ ಭಾಳ ದಿನಾ ಆತು” ಎಂದು ರಾಜ ಹೇಳಿದರೆ ಅಕ್ಕ ಮಲಗಿದಲ್ಲೇ ತಲೆಯಾಡಿಸುತ್ತಿದ್ದಳು.

ಆಟದ ಮೇಲೆ ನನ್ನ ತಕರಾರುಗಳು ಮೊದಲ ವಾರದಲ್ಲೇ ತಯಾರಾದವು. ಅಕ್ಷರ ಸಾಸಿವೆಯಷ್ಟು. ನಾಲ್ಕು ಹೆಜ್ಜೆ ಇಟ್ಟರೆ ಒಂದು ಜಗಳ. ಬಾವಲಿಯನ್ನು ಓಡಿಸಿ ತಿರುಗಿದರೆ ಅದೇ ಬಾವಲಿ. ಔಷಧದ ಚೀಲ ತುಂಬಿಬಿಟ್ಟರೆ ಒಂದನ್ನು ಬಿಸಾಡದೆ ಇನ್ನೊಂದನ್ನು ಎತ್ತುವಂತಿಲ್ಲ. ಆಡಿದ್ದನ್ನು ಉಳಿಸಿಕೊಳ್ಳಬೇಕಾದರೆ ಯಾವುದಾದರೂ ಬಾವಿಯ ಹತ್ತಿರ ಹೋಗಿ ಉಳಿಸಬೇಕು, ಬೇರೆಲ್ಲೂ ಆಗದು. ಬಾವಿ ಯಾವಾಗಲೂ ಕಾಡಿನಾಚೆಗೇ ಇರುತ್ತದೆ. ಸತ್ತರೆ ಹಿಂದೆ ಯಾವಾಗಲೋ ಉಳಿಸಿದ ಜಾಗಕ್ಕೆ ವಾಪಸ್ಸು, ನಡುವೆ ಮಾಡಿದ್ದೆಲ್ಲ ನೀರುಪಾಲು. ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸಿದ್ದು ಆಟ ಕೇಳುವ ಪ್ರಶ್ನೆಗಳು. ‘ನಮಗೆ ಸಹಾಯ ಮಾಡುತ್ತೀಯಾ?’ ಎಂದು ಯಾರೋ ಕೇಳುತ್ತಾರೆ. ಹೌದು, ಇಲ್ಲ ಎಂದು ಎರಡು ಉತ್ತರ ತೋರಿಸುತ್ತಾರೆ. ಇಲ್ಲ ಎಂದು ಒತ್ತಿದರೆ ‘ಇನ್ನೊಮ್ಮೆ ಯೋಚಿಸು’ ಎಂದು ಮತ್ತೆ ಅದೇ ಪ್ರಶ್ನೆ. ಇಲ್ಲ ಎಂಬುದಕ್ಕೆ ಬೆಲೆಯೇ ಇಲ್ಲದಿದ್ದರೆ ಕೇಳುವುದೇಕೆ? ಅದು ಪ್ರಶ್ನೆಯಲ್ಲ, ವಿನಯದ ವೇಷ ಹಾಕಿದ ಆಜ್ಞೆ ಎಂದು ನಾನು ಐದು ನಿಮಿಷದ ಭಾಷಣ ಮಾಡಿದೆ. ಅಕ್ಕ ಪೂರ್ತಿ ಕೇಳಿ, ಗಂಟಿ ಬಾರಿಸಲೇನು, ಟೈಮ್ ಆತು, ಎಂದಳು.

ಆಟದಲ್ಲಿ ಗುಣವಿಲ್ಲದಿದ್ದರೆ ನಾನು ಅಷ್ಟು ಜಗಳವಾಡುತ್ತಲೂ ಇರಲಿಲ್ಲ. ಹೊಡೆದಾಟದಲ್ಲೂ ಸರದಿ ಇತ್ತು: ನೀನು ಒಂದು ಏಟು, ಅವನು ಒಂದು ಏಟು, ನಡುವೆ ಬೇಕಾದಷ್ಟು ಯೋಚನೆ. ಅಷ್ಟು ಶಿಸ್ತು ನಮ್ಮ ಚರ್ಚಾಸ್ಪರ್ಧೆಗಳಲ್ಲೂ ಕಂಡಿರಲಿಲ್ಲ. ಒಂದೇ ಮುದುಕಿ ಬೆಳಿಗ್ಗೆ ಒಂದು ಮಾತು, ಸಂಜೆ ಇನ್ನೊಂದು ಮಾತು ಹೇಳುತ್ತಿದ್ದಳು. ಹೊಳೆಯ ಮೇಲೆ ಮಂಜು ಏಳುವಾಗ ಒಂದು ಕೊಳಲಿನ ಸ್ವರ ಬರುತ್ತಿತ್ತು. ಹೊರಗೆ ಮಳೆ ಜೋರಾದರೆ ಅದು ಕೇಳಿಸುತ್ತಿರಲಿಲ್ಲ, ಕಡಿಮೆಯಾದರೆ ತಗಡಿನ ಸಂದಿಯಿಂದಲೇ ಬಂದಂತೆ ಕೇಳುತ್ತಿತ್ತು. ಮುಚ್ಚಳ ಮುಚ್ಚಿದರೆ ಕಣಿವೆ ನಿದ್ದೆ ಹೋಗುತ್ತಿತ್ತು, ಅವ್ವ ಗಂಜಿ ಕುಡಿಸಿ ಹೋದ ಮೇಲೆ ತೆರೆದರೆ ಅದೇ ಗಾಳಿ, ಅದೇ ಎಲೆ, ಎತ್ತಿದ ಕಾಲು ಎತ್ತಿದಲ್ಲೇ. ಮಧ್ಯಾಹ್ನದ ಕಪ್ಪು ಬೆಳಕಿನಲ್ಲಿ ಅಕ್ಕನ ಮುಖದ ಮೇಲೆ ಆ ಪುಟ್ಟ ತೆರೆಯ ಹಸಿರು ಬಿದ್ದಿರುತ್ತಿತ್ತು. ಅವಳು ನೀರಿನ ತಳದಲ್ಲಿ ಮಲಗಿದ್ದಾಳೆ ಎಂದು ನನಗೆ ಅನಿಸುತ್ತಿತ್ತು.

ಆಷಾಢದಲ್ಲಿ ನಾವು ಕಣಿವೆಯ ಕೊನೆ ಮುಟ್ಟಿದೆವು. ಅಲ್ಲಿ ಎರಡು ಬೆಟ್ಟಗಳ ನಡುವೆ, ಹೊಳೆಗೆ ಅಡ್ಡಲಾಗಿ, ಒಂದು ಹಾವು ಮಲಗಿತ್ತು. ಗುಡ್ಡದಂಥ ಹಾವು. ಉಸಿರಾಡಿದರೆ ಮೈಮೇಲೆ ಬೆಳೆದ ಪಾಚಿ ಏರಿ ಇಳಿಯುತ್ತಿತ್ತು. ಅದು ತಡೆದದ್ದರಿಂದಲೇ ಕೆಳಗಿನ ಊರುಗಳಿಗೆ ನೀರಿಲ್ಲ. ಅದರ ಮುಂದೆ ಕೋಲು ಹಿಡಿದು ನಿಂತ ಕಾವಲು ಮುದುಕ ಕೇಳಿದ: ‘ಹಾವನ್ನು ಕೊಲ್ಲುತ್ತೀಯಾ?’

ನಾನು ಓದಿ ಹೇಳಿದೆ. ಅಕ್ಕನ ಹೆಬ್ಬೆರಳು ನಿಂತಿತು. ಆಮೇಲೆ ‘ಇಲ್ಲ’ ಒತ್ತಿದಳು.

ನಮ್ಮ ಕಡೆ ಹೆಂಡತಿ ಬಸುರಿಯಾದಾಗ ಗಂಡ ಹಾವು ಹೊಡೆಯುವುದಿಲ್ಲ, ಬಸುರಿಯಂತೂ ಆ ಮಾತನ್ನೇ ಎತ್ತುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ವಾದಕ್ಕೆ ಇಳಿದೆ. ಇದು ಹಾವಲ್ಲ, ಬಣ್ಣದ ಚುಕ್ಕೆ. ಚುಕ್ಕೆಗೆ ಜೀವವಿಲ್ಲ, ಜೀವವಿಲ್ಲದ್ದನ್ನು ಕೊಲ್ಲಲು ಬರುವುದಿಲ್ಲ. ಇಷ್ಟು ದಿನ ಬಾವಲಿ, ತೋಳ, ಜೇಡ ಎಲ್ಲವನ್ನೂ ಹೊಡೆದೆಯಲ್ಲ, ಅವಕ್ಕೆ ಇಲ್ಲದ ದೋಷ ಇದಕ್ಕೆ ಮಾತ್ರ ಹೇಗೆ? ಕೊನೆಗೆ ನನ್ನ ಗಟ್ಟಿ ಅಸ್ತ್ರ: ಕೆಳಗಿನ ಊರಿನವರು ನೀರಿಲ್ಲದೆ ಸಾಯುತ್ತಿದ್ದಾರೆ, ನಿನ್ನ ಮಡಿಗಾಗಿ ಅವರು ಸಾಯಬೇಕೇ?

“ಸಾಯ್ತೀವಿ ಅಂತಾರ ಖರೆ,” ಅಂದಳು ಅಕ್ಕ. “ಆದ್ರ ದಿನಾ ಹೋಗಿ ನೋಡು, ಅಲ್ಲೇ ನಿಂತಿರ್ತಾರ. ಒಬ್ಬರೂ ಸತ್ತಿಲ್ಲ. ಈ ಆಟದಾಗ ಕಾದ್ರ ಯಾರೂ ಸಾಯಂಗಿಲ್ಲ, ಗೀತಾ.”

ನಾನು ಅದನ್ನು ಆಟದ ದೋಷವೆಂದು ಎಣಿಸಿದ್ದೆ. ಬೇಗ ಬಾ, ಹೊತ್ತಿಲ್ಲ ಎಂದು ಎಲ್ಲರೂ ಅರಚುತ್ತಾರೆ. ನೀನು ತಿಂಗಳು ಬಿಟ್ಟು ಹೋದರೂ ಅದೇ ಜಾಗದಲ್ಲಿ ನಿಂತು ಹೊತ್ತಿಲ್ಲ ಎನ್ನುತ್ತಾರೆ. ಆ ಸುಳ್ಳು ಆತುರವನ್ನು ಗೇಲಿ ಮಾಡಿದ್ದೆ. ಅಕ್ಕ ಅದರ ಮೇಲೆಯೇ ತಲೆಯಿಟ್ಟು ಮಲಗಿದ್ದಳು.

ಆದರೂ ಸುಮ್ಮನಾಗಲಿಲ್ಲ ನಾನು. ಮರುದಿನ ಮತ್ತೆ ಎತ್ತಿದೆ. ಆಗ ಅವಳು ಡಬ್ಬಿ ಮುಚ್ಚಿ ಎದೆಯ ಮೇಲಿಟ್ಟುಕೊಂಡು, ತಗಡು ನೋಡುತ್ತಲೇ, ನಾನು ಅರ್ಧಂಬರ್ಧ ಕೇಳಿದ್ದನ್ನು ಪೂರ್ತಿ ಹೇಳಿದಳು. ಹಿಂದಿನ ಸಲ, ಎರಡನೆಯ ಬಸುರಿನಲ್ಲಿ, ರಾಂಜಣಗಾಂವದ ಕೋಣೆಯ ಮೋರಿಯಲ್ಲಿ ಮಳೆಗೆ ಒಂದು ಹಾವು ಬಂತು. ಜೊತೆಗಿದ್ದ ಹುಡುಗರು ಕೂಗಿಕೊಂಡರು. ಶರಣಪ್ಪ ಮಾಮಾ ಸರಳು ತೆಗೆದುಕೊಂಡು ಹೊಡೆದರು. ಅದಾದ ಕೆಲವೇ ದಿನಕ್ಕೆ, ಊರಲ್ಲಿ ಅತ್ತೆಯ ಮನೆಯಲ್ಲಿದ್ದ ಅಕ್ಕನ ಬಸುರು ಇಳಿದುಹೋಯಿತು. ಹಾವಿನ ಸುದ್ದಿಯನ್ನು ಊರಲ್ಲಿ ಬೇರೆ ಯಾರೂ ಹೇಳಿರಲಿಲ್ಲ, ಮಾಮಾ ತಾವೇ ಹೇಳಿಕೊಂಡಿದ್ದರು. ಆಮೇಲೆ ಊರು ಅದನ್ನು ಬಿಡಲಿಲ್ಲ. ಅವರ ತಾಯಿ ಮಗನನ್ನು ಕರೆದೊಯ್ದು ನಾಗರ ಕಲ್ಲಿಗೆ ಶಾಂತಿ ಮಾಡಿಸಿದಳು. ಅಂದಿನಿಂದ ಆ ಮನುಷ್ಯ ಇರುವೆಯ ಸಾಲು ಕಂಡರೂ ತುಳಿಯದೆ ದಾಟಿ ಹೋಗುತ್ತಿದ್ದರು. ಅವರು ಬಾಗಿಲ ಹತ್ತಿರವೇ ಏಕೆ ಕೂರುತ್ತಿದ್ದರೆಂದು ನನಗೆ ಆಗ ತಿಳಿಯಿತು.

“ಇದು ಚಿತ್ರ ಅಂತ ನಂಗೂ ಗೊತ್ತದ,” ಅಂದಳು ಅಕ್ಕ. “ಆದ್ರ ನಾಳೆ ಏನರ ಆತಂದ್ರ, ಅವತ್ತು ಆಟದಾಗ ಹಾವು ಕೊಂದೆ ನೋಡು, ಅದಕ್ಕ ಆತು ಅಂತ ನನ್ನ ಮನಸ್ಸೇ ಅಂತದ. ಆ ಮಾತಿಗೆ ನಾ ಜಾಗಾನೇ ಕೊಡಂಗಿಲ್ಲ.”

ಎಷ್ಟೋ ಸಭೆಗಳಲ್ಲಿ ಎದುರಾಳಿ ಕೂತ ಮೇಲೆ ಎದ್ದು ನಿಂತು ಅವರ ಮಾತಿನ ಎಳೆ ಬಿಚ್ಚಿದವಳು ನಾನು. ಇದರಲ್ಲಿ ಯಾವ ಎಳೆ ಹಿಡಿಯಬೇಕೋ ಕಾಣಲಿಲ್ಲ. ದೋಷವಿದೆ ಎಂದು ಅವಳು ಹೇಳಿದ್ದರೆ ಖಂಡಿಸಬಹುದಿತ್ತು. ಅವಳು ಹೇಳಿದ್ದು ತನ್ನ ಮನಸ್ಸಿನ ಬಗ್ಗೆ, ಅದಕ್ಕೆ ಅವಳೊಬ್ಬಳೇ ಸಾಕ್ಷಿ.

ಹೀಗೆ ನಮ್ಮ ಆಟ ಹಾವಿನ ಈಚೆಗೇ ನಿಂತಿತು, ನಿಂತು ಅಗಲವಾಯಿತು. ದಿನಕ್ಕೊಮ್ಮೆ ಅಕ್ಕ ಮುದುಕನ ಹತ್ತಿರ ಹೋಗಿ ಇಲ್ಲ ಎಂದು ಹೇಳಿ ಬರುತ್ತಿದ್ದಳು. ಅವನು ಇನ್ನೊಮ್ಮೆ ಯೋಚಿಸು ಎನ್ನುತ್ತಿದ್ದ. ವಿಚಾರ ಮಾಡೀನೋ ಮುತ್ಯಾ, ಎನ್ನುತ್ತಿದ್ದಳು. ಉಳಿದ ಹೊತ್ತು ಕಣಿವೆಯಲ್ಲಿ ಅಲೆದಾಟ. ಆತುರದವರು ಬಿಟ್ಟುಹೋಗುವ ಎಷ್ಟೋ ಸಂಗತಿಗಳು ಅಲ್ಲಿದ್ದವು. ಹೊಳೆಯ ದಂಡೆಯಲ್ಲಿ ಒಂದು ತುಂಡು ಹೊಲ ಸಿಕ್ಕಿತು. ಅರಿಶಿನ ಹಾಕಿದೆವು. ಆಟದ ಗಡಿಯಾರದ ಪ್ರಕಾರ ದಿನವೂ ಅದು ಒಂದಿಷ್ಟು ಏಳುತ್ತಿತ್ತು. ಮಾಟಗಾತಿಗೆ ಒಬ್ಬಳು ಕಳೆದುಹೋದ ತಂಗಿ ಇದ್ದಾಳೆಂದು ಗೊತ್ತಾಯಿತು. ಮೀನು ಹಿಡಿಯುವುದನ್ನು ಕಲಿತೆವು. ಬಾವಿಗೆ ಹೋಗಿ ಉಳಿಸಿ ಬರೋಣ ಎಂದು ನಾನು ದಿನವೂ ಹೇಳುತ್ತಿದ್ದೆ. ಮುಚ್ಚಳ ಮುಚ್ಚಿದ್ರ ಸಾಕಲ್ಲ, ಆ ಕಾಡಿನ್ಯಾಗ ಯಾರು ಹೋಗ್ಬೇಕು, ನಾಳೆ ನೋಡೋಣು, ಎನ್ನುತ್ತಿದ್ದಳು.

ಶ್ರಾವಣ ಬಂತು. ಪಂಚಮಿಯ ದಿನ ಅವ್ವ ಹಂಚು ಒಲೆಗೇರಿಸಲಿಲ್ಲ; ಆ ದಿನ ಏನನ್ನೂ ಸುಡಬಾರದು, ಕರಿಯಬಾರದು. ಉಂಡಿ ಕಟ್ಟಿ, ಹಿತ್ತಲಿನಾಚೆಯ ಖಾಲಿ ನಿವೇಶನದಲ್ಲಿದ್ದ ಹುತ್ತಕ್ಕೆ ಹಾಲೆರೆಯಲು ಓಣಿಯ ನಮ್ಮವರೊಡನೆ ಹೊರಟಳು. ಅಕ್ಕ ಮಂಚ ಬಿಟ್ಟು ಇಳಿಯುವಂತಿಲ್ಲ. ಹೆಂಗಸರ ದನಿ ಮಳೆಯಲ್ಲಿ ದೂರವಾಗುವವರೆಗೂ ಕಿವಿಗೊಟ್ಟು ಮಲಗಿದ್ದವಳು, ಡಬ್ಬಿ ತೆಗೆ ಎಂದಳು.

ನಮ್ಮ ಚೀಲದಲ್ಲಿ ದಾರಿಯಲ್ಲೆಲ್ಲೋ ಕೊಂಡ ಒಂದು ಕುಡಿಕೆ ಹಾಲಿತ್ತು. ಕುಡಿದರೆ ಶಕ್ತಿ ಬರುವ ಹಾಲು. ಅಕ್ಕ ನಾಲ್ವರನ್ನೂ ನಡೆಸಿಕೊಂಡು ಹೋಗಿ ಹಾವಿನ ಎದುರಿಗೆ ನಿಲ್ಲಿಸಿದಳು. ಅದಕ್ಕೆ ಹಾಲು ಕೊಡಲು ದಾರಿ ಹುಡುಕಿದೆವು. ಆಟದವರು ಅಂಥದ್ದನ್ನು ಯೋಚಿಸಿಯೇ ಇರಲಿಲ್ಲ. ಕುಡಿ, ಮಾರು, ಬಿಸಾಡು, ಇಷ್ಟೇ. ಕೊನೆಗೆ ಹಾವಿನ ಮೂತಿಯ ಮುಂದೆ ನಿಂತು ಬಿಸಾಡು ಎಂಬುದನ್ನು ಒತ್ತಿದಳು. ತೆರೆಯ ಮೇಲೆ ಒಂದು ಸಾಲು ಬಂತು.

“ಏನಂತದ?” ಎಂದು ಕೇಳಿದಳು.

ಹಾಲನ್ನು ಎಸೆದಿರಿ ಎಂದು ಅದರಲ್ಲಿತ್ತು. “ಹಾಲು ಎರದ್ರಿ ಅಂತದ,” ಎಂದು ನಾನು ಓದಿದೆ. ಹಾವು ಉಸಿರಾಡಿತು. ಪಾಚಿ ಏರಿತು, ಇಳಿಯಿತು. ಅಕ್ಕ ಡಬ್ಬಿಯನ್ನು ಹಣೆಗೆ ಒತ್ತಿಕೊಂಡು ಮುಚ್ಚಿದಳು.

ಗಣಪತಿ ಕೂತಿದ್ದ ದಿನಗಳಲ್ಲಿ, ಏಳು ತುಂಬಿ ಎಂಟಕ್ಕೆ ಬಿದ್ದಾಗ, ಒಂದು ಬೆಳಿಗ್ಗೆ ಅಕ್ಕನಿಗೆ ರಕ್ತ ಕಾಣಿಸಿತು. ಡೋಲು ಬಡಿಯುವ ತಂಡಗಳ ನಡುವೆ ದಾರಿ ಮಾಡಿಕೊಂಡು ಆಸ್ಪತ್ರೆ ಸೇರಿದೆವು. ಅವಳನ್ನು ಒಳಗೆ ಒಯ್ದರು, ಅವ್ವ ಬಾಗಿಲಿಗೆ ಆತು ನಿಂತಳು. ಸುದ್ದಿ ತಿಳಿದು ಶರಣಪ್ಪ ಮಾಮಾ ಕೆಲಸದ ಅಂಗಿಯಲ್ಲೇ ಬಂದರು. ನರ್ಸು ಹೇಳಿದ ಸಾಮಾನು ತರಲು ನಾನು ಹೊರಗೆ ಹೋಗಬೇಕಾಯಿತು. ಕೈಯಲ್ಲಿದ್ದ ಚೀಲವನ್ನು ಅವರ ಹತ್ತಿರ ಕೊಟ್ಟು ಹೋದೆ. ಒಳಗೆ ಡಬ್ಬಿಯೂ ಇತ್ತು.

ತಿರುಗಿ ಬಂದಾಗ ಮಾಮಾ ವರಾಂಡದ ಬೆಂಚಿನ ತುದಿಯಲ್ಲಿ ಕೂತು ಡಬ್ಬಿಯನ್ನು ಎರಡೂ ಕೈಯಲ್ಲಿ ಮೈಯಿಂದ ದೂರ ಹಿಡಿದಿದ್ದರು, ಹತ್ತಿರ ತಂದರೆ ಕಚ್ಚುತ್ತದೆ ಎನ್ನುವಂತೆ. ಹೆಂಡತಿ ದಿನವಿಡೀ ನೋಡುವ ಲೋಕ ಹೇಗಿದೆಯೆಂದು ಸುಮ್ಮನೆ ತೆರೆದಿದ್ದರು. ಅಕ್ಕ ಮುಚ್ಚಿಟ್ಟದ್ದು ಕಾವಲು ಮುದುಕನ ಎದುರಿಗೇ. ಮುದುಕ ಏನೋ ಕೇಳಿದ. ಮಾಮಾಗೆ ಇಂಗ್ಲಿಷು ಓದಲು ಬಾರದು. ಎರಡು ಉತ್ತರಗಳಲ್ಲಿ ಮೇಲಿನದನ್ನು ಒತ್ತಿದರು.

“ಹಾವು ಎದ್ದು ಬಂತು,” ಅಂದರು. “ಗಾಬ್ರಿ ಆಗಿ ಇನ್ನೊಂದು ಒತ್ತಿದೆ. ಅದಕ್ಕ ಏಟು ಬಿತ್ತು, ಗೀತಾ. ಸತ್ತಿಲ್ಲಲ್ಲ?”

ಸತ್ತಿರಲಿಲ್ಲ. ಅದಕ್ಕೆಷ್ಟು ಜೀವ ಉಳಿದಿದೆಯೆಂದು ತೋರಿಸುವ ಪಟ್ಟಿಯಲ್ಲಿ ಒಂದು ಚೂರು ಕಡಿಮೆಯಾಗಿತ್ತು, ಅಷ್ಟೇ. ಇದು ಬಣ್ಣದ ಚುಕ್ಕೆ ಎಂದು ಅಕ್ಕನಿಗೆ ಎಷ್ಟು ಸಲ ಹೇಳಿದ್ದೆನೋ. ಆ ವಾಕ್ಯ ನನ್ನ ನಾಲಿಗೆಯ ಮೇಲೇ ಇತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಆ ಕಾಳಗದಿಂದ ಓಡಿಹೋಗಲು ಆಟ ಬಿಡುತ್ತಿರಲಿಲ್ಲ. ಯಂತ್ರವನ್ನು ಪೂರ್ತಿ ಬಂದ್ ಮಾಡಬಹುದಿತ್ತು. ಹಾಗೆ ಮಾಡಿದರೆ ಬಾವಿಯಲ್ಲಿ ಉಳಿಸದ ಅಕ್ಕನ ಇಡೀ ಶ್ರಾವಣ ಹೋಗುತ್ತಿತ್ತು: ಅರಿಶಿನದ ಹೊಲ, ಮಾಟಗಾತಿಯ ತಂಗಿ, ಎರೆದ ಹಾಲು. ಸೋತರೂ ಅಷ್ಟೇ. ಗೆದ್ದರೆ ಮಾತ್ರ ಎಲ್ಲ ಉಳಿಯುತ್ತಿತ್ತು. ವಿಷಯವನ್ನು ಇದ್ದದ್ದು ಇದ್ದಂತೆ ಮಾಮಾಗೆ ಹೇಳಿ, ಬಂದ್ ಮಾಡಲೇನು ಎಂದು ಕೇಳಿದೆ.

ಅವರು ಒಳಗಿನ ಬಾಗಿಲ ಕಡೆ ನೋಡಿದರು. “ಬಂದ್ ಮಾಡಬ್ಯಾಡ,” ಅಂದರು. “ಗಾಯ ಆದದ್ದು ಹಂಗೇ ಉಳೀತದ. ಔಷಧ ಅದಾವಲ್ಲ ಚೀಲದಾಗ, ಅದಕ್ಕ ಕೊಡಾಕ ಬರ್ತದೇನು?”

ವೈರಿಗೆ ಔಷಧ ಕೊಡುವ ಯೋಚನೆ ನನಗೆ ಯಾವತ್ತೂ ಬಂದಿರಲಿಲ್ಲ. ಒತ್ತಿ ನೋಡಿದೆ. ಬರುತ್ತಿತ್ತು. ಅವ್ವ ಎಂದು ಹೆಸರಿಟ್ಟವಳು ಮುಂದೆ ಬಂದು ಹಾವಿನ ಮೇಲೆ ಹಸಿರು ಬೆಳಕು ಚೆಲ್ಲಿದಳು. ಅದರ ಪಟ್ಟಿ ಮತ್ತೆ ತುಂಬಿತು.

“ಇನ್ನ ಅದು ಗೆಲ್ಲಲಿ,” ಅಂದರು ಮಾಮಾ.

ಸೋಲುವುದು ಅಷ್ಟು ಸುಲಭವಿರಲಿಲ್ಲ. ಒಂದೂವರೆ ತಿಂಗಳ ಅಲೆದಾಟದಲ್ಲಿ ನಾವು ಅತಿಯಾಗಿ ಬಲಿತಿದ್ದೆವು. ನಮ್ಮ ಸರದಿ ಬಂದಾಗಲೆಲ್ಲ ಸುಮ್ಮನೆ ನಿಲ್ಲು ಎಂಬುದನ್ನು ಒತ್ತುತ್ತ ಹೋದೆ. ಹಾವು ಹೊಡೆಯುತ್ತಿತ್ತು, ನಾವು ನಿಂತಿರುತ್ತಿದ್ದೆವು. ಹೊರಗೆ ಡೋಲು, ವರಾಂಡದಲ್ಲಿ ಫಿನಾಯಿಲು, ನಮ್ಮಿಬ್ಬರ ಮೊಣಕೈ ತಾಗಿಕೊಂಡಿತ್ತು. ಮೊದಲು ಗೀತಾ ಬಿದ್ದಳು. ಅಪ್ಪ ಬಿದ್ದರು. ಅವ್ವ ಬಹಳ ಹೊತ್ತು ತಡೆದಳು. ಕೊನೆಗೆ ಶರಣ ಒಬ್ಬನೇ ಹಾವಿನೆದುರು ಕೈಯೆತ್ತದೆ ನಿಂತ. ಪಕ್ಕದಲ್ಲಿದ್ದ ಶರಣಪ್ಪ ಅವನನ್ನು ಕಣ್ಣು ಮಿಟುಕಿಸದೆ ನೋಡಿದರು. ಅವನೂ ಬಿದ್ದ. ತೆರೆ ಕಪ್ಪಾಯಿತು. ಮತ್ತೆ ಬೆಳಗಿದಾಗ ನಾಲ್ವರೂ ಕಾಡಿನಾಚೆಯ ಬಾವಿಕಟ್ಟೆಯ ಮೇಲೆ, ಆಷಾಢದಲ್ಲಿ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ನರ್ಸು ಹೊರಬಂದು ಮರಾಠಿಯಲ್ಲಿ, ರಕ್ತ ನಿಂತಿದೆ, ಹೊಲಿಗೆ ಗಟ್ಟಿಯಾಗಿದೆ, ಆದರೆ ಕೆಲವು ದಿನ ಇಲ್ಲೇ ಇರಬೇಕು ಎಂದಳು. ಇಂಜೆಕ್ಷನ್ ಹಾವಿಗಿಂತ ಮುಂಚೆಯೇ ಕೊಟ್ಟಾಗಿತ್ತು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ತರ್ಕದ ಮೊದಲ ಪಾಠ ಅದು. ನಾನದನ್ನು ಈಗಲೂ ಹೇಳುತ್ತೇನೆ. ಮಾಮಾ ಬೆಂಚಿನಿಂದ ಎದ್ದು ಗೋಡೆಯ ಕಡೆ ತಿರುಗಿ ನಿಂತರು.

ಅಕ್ಕನಿಗೆ ಎರಡನೆಯ ದಿನವೇ ಎಲ್ಲ ಹೇಳಿದೆ. ಹೊಲ ಹೋಯಿತು, ಎರೆದ ಹಾಲು ವಾಪಸ್ಸು ಚೀಲದಲ್ಲಿದೆ ಎಂದೆ. ಎರದದ್ದು ಎರದಂಗೇ, ಚೀಲಕ್ಕೇನು ಗೊತ್ತು, ಎಂದಳು. ಮಾಮಾ ಹಾವಿಗೆ ಔಷಧ ಕೊಡಿಸಿದರು ಎಂದಾಗ ಮಾತ್ರ ಮಗ್ಗುಲಾದಳು. ಆಮೇಲೆ ಹೆರಿಗೆಯವರೆಗೂ ಡಬ್ಬಿ ಕೇಳಲಿಲ್ಲ.

ದಸರೆ ಕಳೆದು, ಮಳೆ ಹಿಂದೆ ಸರಿದು, ತಗಡು ಒಣಗಿದ ಮೇಲೆ ಹೊಲಿಗೆ ಬಿಚ್ಚಿದರು. ಅಕ್ಕನಿಗೆ ಹೆಣ್ಣು ಕೂಸು. ತೂಕ ಸ್ವಲ್ಪ ಕಡಿಮೆ, ದನಿ ಮಾತ್ರ ಓಣಿಗೆಲ್ಲ ಕೇಳುವಂಥದ್ದು. ಅಪ್ಪ ಮಂಚದ ಕೆಳಗಿನ ಹಲಗೆಗಳನ್ನು ತೆಗೆದು ಕೆಲಸದ ಜಾಗಕ್ಕೆ ಒಯ್ದರು. ಅವ್ವ ಲೋಬಾನದ ಹೊಗೆ ಹಾಕಿ ಬಾಣಂತಿಯ ಕೋಣೆಯನ್ನು ಮೋಡ ಮಾಡಿಟ್ಟಳು. ಎಲ್ಲರೂ ಕೂಸನ್ನು ಎತ್ತಿ ಆಡಿಸಿದರು. ಶರಣಪ್ಪ ಮಾಮಾ ಒಬ್ಬರೇ ಮುಟ್ಟಲಿಲ್ಲ. ಗುರುವಾರ ಬರುತ್ತಿದ್ದರು, ಕೈಕಾಲು ತೊಳೆಯುತ್ತಿದ್ದರು, ಬಾಗಿಲ ಹತ್ತಿರ ಕೂತು ಅಲ್ಲಿಂದಲೇ ಕೂಸಿನ ಕಡೆ ನೋಡುತ್ತಿದ್ದರು. ಅವ್ವ ಕೊಡಲು ಹೋದರೆ, ಬಸ್ಸಿನ ಧೂಳ ಅದ, ಅತ್ತಿ, ಮುಂದಿನ ವಾರ, ಎನ್ನುತ್ತಿದ್ದರು. ಮುಂದಿನ ವಾರವೂ ಧೂಳಿರುತ್ತಿತ್ತು.

ಅಂಥದೊಂದು ಗುರುವಾರ ಮಧ್ಯಾಹ್ನ ಅಕ್ಕ ಡಬ್ಬಿ ತರಲು ಹೇಳಿದಳು. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಬಾವಿಕಟ್ಟೆಯಿಂದ ಕಾಡು ದಾಟಿಸಿ, ಬಾವಲಿಗಳನ್ನು ಓಡಿಸಿ, ನಾಲ್ವರನ್ನೂ ಮುದುಕನ ಎದುರು ನಿಲ್ಲಿಸಿ, ಗಂಡನನ್ನು ಕರೆದಳು. ಅವರು ಎದ್ದು ಮಂಚದ ಹತ್ತಿರ ಬಂದರು.

“ಮ್ಯಾಲಿಂದು ಒತ್ತರಿ,” ಅಂದಳು.

ಮಾಮಾ ಕೈ ಹಿಂದಕ್ಕೆ ತೆಗೆದರು. ವಿಚಿತ್ರವೆಂದರೆ ನಾನೂ ನಡುವೆ ಬಾಯಿ ಹಾಕಿದೆ. ಬೇಡ ಬಿಡಕ್ಕ, ಅದು ಇದ್ದುಕೊಳ್ಳಲಿ, ಅದಕ್ಕೆ ಹಾಲೆರೆದಿದ್ದೇವೆ, ಔಷಧ ಕೊಟ್ಟಿದ್ದೇವೆ ಎಂದು ವಾದ ಹೂಡಿದೆ. ಜೀವನದಲ್ಲಿ ಅಷ್ಟು ಕಳಪೆ ವಾದವನ್ನು ನಾನು ಮತ್ತೆಂದೂ ಮಾಡಿಲ್ಲ.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. “ಹೆರಿಗಿ ಆತು,” ಎಂದು ಗಂಡನಿಗೆ ಹೇಳಿದಳು. “ಇನ್ನ ಅದು ಬರೇ ಹಾವು. ಅವತ್ತು ನಿಮ್ಮ ಮೋರ್ಯಾಗ ಬಂದದ್ದೂ ಬರೇ ಹಾವು. ನೀವು ಹೊಡೀಲಿಲ್ಲಂದ್ರ ಆ ಹುಡುಗರಿಗೆ ಕಚ್ಚತಿತ್ತು.”

“ಮಂದಿ ಹಂಗ ಅನ್ನಲಿಲ್ಲ,” ಅಂದರು ಮಾಮಾ.

“ಮಂದಿ ಬಿಡ್ರಿ. ನಾನೂ ಅನ್ನಲಿಲ್ಲ. ಈಗ ಅನ್ಲಾಕತ್ತೀನಿ.”

ಅವರು ಡಬ್ಬಿ ಹಿಡಿದರು, ಆದರೆ ಹೆಬ್ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಅಕ್ಕ ಕೂಸಿನ ತಲೆಯ ಕೆಳಗಿಂದ ಒಂದು ಕೈ ಬಿಡಿಸಿಕೊಂಡು, ಅವರ ಹೆಬ್ಬೆರಳ ಮೇಲೆ ತನ್ನದನ್ನಿಟ್ಟು ಒತ್ತಿದಳು.

ಹಾವು ಎದ್ದಿತು. ಈಗ ನಾವು ಆಷಾಢದ ಬಡಕಲು ನಾಲ್ವರು, ಬಲ ಸಾಲದು. ಎರಡು ಸಲ ಸೋತು ಬಾವಿಕಟ್ಟೆಗೆ ವಾಪಸ್ಸಾದೆವು. ಮೂರನೆಯ ಸಲ ನಾನೇ ತಡೆಯಲಾರದೆ, ಯಾರು ಮೊದಲು ಹೊಡೆಯಬೇಕು, ಅವ್ವನ ಔಷಧ ಯಾವಾಗ ಎಂದು ಹೇಳಿಕೊಡಲು ಕೂತೆ. ಅಪ್ಪ ಬಿದ್ದರು, ಗೀತಾ ಬಿದ್ದಳು. ಅಕ್ಕನ ಹೆಬ್ಬೆರಳು ಅವರ ಹೆಬ್ಬೆರಳ ಮೇಲಿಂದ ಯಾವಾಗ ಜಾರಿತೋ ನಾನು ನೋಡಲಿಲ್ಲ. ಶರಣ ಕೊನೆಯ ಏಟು ಹಾಕಿದ.

ಹಾವು ಹೇಗೆ ಬಿತ್ತು, ಹೊಳೆ ಹೇಗೆ ಹರಿಯಿತು, ನನಗೆ ಗೊತ್ತಿಲ್ಲ. ಆ ಕ್ಷಣ ಮೂವರಲ್ಲಿ ಒಬ್ಬರೂ ತೆರೆಯನ್ನು ನೋಡುತ್ತಿರಲಿಲ್ಲ. ಯಾವುದನ್ನೂ ನಂಬದ ನಾನೂ ಸೇರಿ, ಕೂಸಿನ ಕಡೆ ನೋಡುತ್ತಿದ್ದೆವು. ಅದು ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು. ಮಾಮಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು, ಕೂಸಿನ ಕಡೆ ಚಾಚಿದರು.